ಹೊಸಕೆರೆಯ ಹಳೆಯ ನೀರು

ಬೆಳಗಿನ ಐದೂವರೆ. ಹಾಲಿನ ಗಾಡಿ ಬೀದಿ ದಾಟಿ ಹೋಗಿದೆ. ಎದುರುಮನೆಯಾಕೆ ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಡಬ್ಬಿ ಹುಡುಕುತ್ತಿದ್ದಾಳೆ. ಹೊರವರ್ತುಲ ರಸ್ತೆಯ ಕಡೆಯಿಂದ ಮೊದಲ ಬಸ್ಸುಗಳ ಗುರುಗುರು ಕೇಳುತ್ತಿದೆ. ಅಷ್ಟರಲ್ಲಿ ನಮ್ಮ ಗೇಟಿನ ಚಿಲಕ ಸದ್ದು ಮಾಡುತ್ತದೆ. ಎದ್ದು ಬಂದು ನೋಡಿದರೆ ದೊಡ್ಡಮ್ಮ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಂಕುಳಲ್ಲಿ ಪ್ಲಾಸ್ಟಿಕ್ ಬಿಂದಿಗೆ ಇರುಕಿಕೊಂಡು ನಿಂತಿದ್ದಾರೆ.

"ಎಲ್ಲಿಗೆ ದೊಡ್ಡಮ್ಮ?"

"ಕೆರೆ ತಾವ್ಕೆ ಹೋಗ್ಬುಟ್ಟು ಬತ್ತೀನಿ ಕಣವ್ವ. ಬಿಸ್ಲೇರಿದ್ರೆ ದನ ಇಳ್ದು ನೀರು ಕದಡ್ತವೆ."

ಹೊಸಕೆರೆಹಳ್ಳಿಯ ಕೆರೆಯಿಂದ ಕುಡಿಯುವ ನೀರು ತರುವುದು ನಿಂತು ಒಂದು ತಲೆಮಾರೇ ಕಳೆದಿದೆ. ನಮ್ಮ ಮನೆಗೆ ಕಾವೇರಿ ನೀರು ನಲ್ಲಿಯಲ್ಲಿ ಬರುತ್ತದೆ. ಆ ನಲ್ಲಿಯನ್ನು ದಿನವೂ ತಿರುಗಿಸುವವರು ದೊಡ್ಡಮ್ಮನೇ. ಆದರೆ ಬೆಳಗಿನ ಈ ಹೊತ್ತಿನಲ್ಲಿ ಅವರಿಗೆ ಹನ್ನೆರಡು ವರ್ಷ. ಮುಂದೆ ಅವರ ಅವ್ವ, ಹಿಂದೆ ತಂಗಿ, ನಡುವೆ ಬಿಂದಿಗೆ ಹೊತ್ತ ಇವರು. ಬೇಡ ಎನ್ನುವುದನ್ನು ನಾನು ಬಿಟ್ಟು ವರ್ಷವಾಯಿತು. ಚಪ್ಪಲಿ ಮೆಟ್ಟಿ, ಬಿಂದಿಗೆಯನ್ನು ನನ್ನ ಕೈಗೆ ತೆಗೆದುಕೊಂಡು ಜೊತೆಗೆ ಹೊರಡುತ್ತೇನೆ.

ದೊಡ್ಡಮ್ಮ ಇದೇ ಊರಿನಲ್ಲಿ ಹುಟ್ಟಿದವರು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಹಾಕಿದಾಗ ಅವರಿಗೆ ಎರಡು ವರ್ಷ. ಆಗ ಇದು ಬೆಂಗಳೂರಿನ ಹೊರಗಿನ ಹಳ್ಳಿ. ಸೊಪ್ಪಿನ ಮಡಿ, ರಾಗಿ ಹೊಲ, ಕೆರೆ ಹಿಂದಿನ ಗದ್ದೆ. ಬೆಳೆದ ಸೊಪ್ಪನ್ನು ಕಟ್ಟು ಕಟ್ಟಿ ಬಸವನಗುಡಿಯ ಕಡೆಗೆ ತಲೆಹೊರೆಯಲ್ಲಿ ಒಯ್ಯುತ್ತಿದ್ದರಂತೆ. ಈಗ ಅದೇ ದಾರಿಯಲ್ಲಿ ಗಿರಿನಗರ, ಕತ್ರಿಗುಪ್ಪೆ, ಇಟ್ಟಮಡು ಒಂದಕ್ಕೊಂದು ಬೆಸೆದುಕೊಂಡಿವೆ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆ ಎಂದು ಆಟೋದವರೂ ಗೆರೆ ಎಳೆದು ಹೇಳಲಾರರು.

ಊರಿನ ಹೆಸರಿನಲ್ಲೇ ಕೆರೆಯಿದೆ, ಅದೂ ಹೊಸ ಕೆರೆ. ಕಟ್ಟಿಸಿದವರ ಕಾಲಕ್ಕೆ ಹೊಸದಾಗಿದ್ದದ್ದು ಹೆಸರಿನಲ್ಲಿ ಇಂದಿಗೂ ಹೊಸದಾಗಿಯೇ ಉಳಿದಿದೆ. ದೊಡ್ಡಮ್ಮನ ತಲೆಯೊಳಗೂ ಹಾಗೆಯೇ. ನಿನ್ನೆ ರಾತ್ರಿ ಉಂಡದ್ದು ಅಳಿಸಿಹೋಗಿದೆ, ಅರವತ್ತು ವರ್ಷದ ಹಿಂದಿನ ನೀರಿನ ದಾರಿ ಇಂದು ಬೆಳಿಗ್ಗೆ ಸವೆಸಿದಂತೆ ನಿಚ್ಚಳವಾಗಿದೆ.

ಕೆರೆಯಂಚಿಗೆ ಬಂದು ನಿಲ್ಲುತ್ತೇವೆ. ಲೆಕ್ಕದಲ್ಲಿ ಇದು ಸುಮಾರು 59 ಎಕರೆ. ವೃಷಭಾವತಿ ಕಣಿವೆಗೆ ಸೇರಿದ ಕೆರೆ. ಸುತ್ತಲಿನ ದಿಬ್ಬಗಳಿಂದ ಇಳಿದ ಮಳೆನೀರು ಕಾಲುವೆಗಳಲ್ಲಿ ಹರಿದು ಇಲ್ಲಿ ನಿಲ್ಲುತ್ತಿತ್ತು. ಮನೆಗಳು ಎದ್ದಂತೆ ಕಾಲುವೆಗಳು ಕಿರಿದಾದವು, ಮಳೆನೀರಿನ ಜಾಗಕ್ಕೆ ಚರಂಡಿ ನೀರು ಬಂತು, ಅಂಗಳದಲ್ಲಿ ಹೂಳೂ ಕಟ್ಟಡದ ತ್ಯಾಜ್ಯವೂ ತುಂಬಿದವು. ಕೆರೆಯನ್ನು ಬದುಕಿಸುವ ಕೆಲಸ ವರ್ಷಗಳಿಂದ ನಡೆಯುತ್ತಿದೆ. ದಂಡೆಯಾಚೆ ಎದ್ದ ಬಹುಮಹಡಿ ಕಟ್ಟಡಗಳ ಗಾಜಿಗೆ ಮೊದಲ ಬಿಸಿಲು ತಾಗಿ ಫಳ್ಳನೆ ಹೊಳೆಯುತ್ತದೆ. ದೊಡ್ಡಮ್ಮ ಕೈಯಡ್ಡ ಹಿಡಿದು ದಿಟ್ಟಿಸುತ್ತಾರೆ.

"ಕಾಲ್ವೆ ಎಲ್ಲೋಯ್ತವ್ವ?" ಎನ್ನುತ್ತಾರೆ. "ಕಾಲ್ವೆ ಕಟ್ಕಂಡ್ರೆ ಕೆರೆ ಉಳೀತದಾ?"

ಏರಿ, ತೂಬು, ಕೋಡಿ, ಅಂಗಳ. ಈ ಮಾತುಗಳು ಅವರ ನಾಲಿಗೆಯಲ್ಲಿ ಇನ್ನೂ ಗಟ್ಟಿಯಾಗಿವೆ. ನನ್ನ ಹೆಸರು ಮಾತ್ರ ಕೆಲವು ದಿನ ಸಿಗುವುದಿಲ್ಲ. ಸಿಗದ ದಿನ ನಾನು ಅವರ ತಂಗಿ.

ಅರವತ್ತಕ್ಕೆ ಅರಳುಮರಳು ಎಂಬ ಮಾತು ನಮ್ಮಲ್ಲಿ ಎಷ್ಟು ಹಳೆಯದೋ ಅಷ್ಟೇ ಅನಾಹುತ ಮಾಡಿದೆ. ದೊಡ್ಡಮ್ಮ ಸಾರಿಗೆ ಎರಡು ಬಾರಿ ಉಪ್ಪು ಹಾಕಿದಾಗ ನಾವು ನಕ್ಕೆವು. ಮೊಮ್ಮಗನ ಮದುವೆ ಮುಗಿದು ತಿಂಗಳಾದ ಮೇಲೆ "ಮದ್ವೆ ಯಾವಾಗ" ಎಂದು ಕೇಳಿದಾಗ ವಯಸ್ಸಾಯಿತು ಎಂದೆವು. ಒಂದು ಮಧ್ಯಾಹ್ನ ಅವರು ಮನೆಯ ದಾರಿ ತಪ್ಪಿದರು, ಸಂಜೆಯ ಹೊತ್ತಿಗೆ ಹೂವಿನವಳೊಬ್ಬಳ ಪಕ್ಕದಲ್ಲಿ ಕೂತು ಕನಕಾಂಬರ ಕಟ್ಟುತ್ತಿರುವುದು ಕಂಡಿತು. ಆ ದಿನ ಬೀದಿ ಬೀದಿ ಹುಡುಕುವಾಗ 2016ರಲ್ಲಿ ತೆರೆಕಂಡ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಚಿತ್ರದ ಅನಂತನಾಗ್ ನನ್ನ ಕಣ್ಣ ಮುಂದೆಯೇ ಇದ್ದರು. ಇದೇ ಬೆಂಗಳೂರಿನಲ್ಲಿ ಕಳೆದುಹೋದ ಮರೆವಿನ ತಂದೆಯ ಪಾತ್ರ ಅದು. ಚಿತ್ರಮಂದಿರದಲ್ಲಿ ಅತ್ತು ಬಂದಿದ್ದ ನಮಗೆ, ಆ ಕಾಯಿಲೆ ನಮ್ಮ ಅಡುಗೆಮನೆಯಲ್ಲೇ ಓಡಾಡುತ್ತಿದ್ದಾಗ ಗುರುತು ಸಿಗಲಿಲ್ಲ.

ಗುರುತು ಹಿಡಿದು ಹೆಸರು ಹೇಳಿದವರು ನರರೋಗ ವೈದ್ಯೆ. ಅಲ್ಝೈಮರ್. 1906ರಲ್ಲಿ ಜರ್ಮನಿಯ ಅಲೋಯಿಸ್ ಅಲ್ಝೈಮರ್ ತಮ್ಮ ರೋಗಿಯೊಬ್ಬರ ಮಿದುಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಕಂಡದ್ದನ್ನು ವೈದ್ಯರ ಸಭೆಯ ಮುಂದೆ ವಿವರಿಸಿದರು. ನರಕೋಶಗಳ ನಡುವೆ ಗಟ್ಟಿಯಾದ ಕಲೆಗಳು, ಕೋಶಗಳ ಒಳಗೆ ಗಂಟುಗಂಟಾದ ಎಳೆಗಳು. ಕಲೆಗಳು ಅಮಿಲಾಯ್ಡ್ ಎಂಬ ಪ್ರೋಟೀನಿನವು, ಗಂಟುಗಳು ಟಾವ್ ಎಂಬುದರವು ಎಂದು ಮುಂದೆ ತಿಳಿಯಿತು. ವೈದ್ಯೆ ಇದನ್ನು ಹೇಳುತ್ತಿರುವಾಗ ನನ್ನ ಮನಸ್ಸಿಗೆ ಬಂದದ್ದು ಕೆರೆಯ ಹೂಳು. ನಮ್ಮ ದೇಶದಲ್ಲಿ 60 ದಾಟಿದ ಸುಮಾರು 88 ಲಕ್ಷ ಮಂದಿ ಮರೆವಿನ ಕಾಯಿಲೆಗಳೊಡನೆ ಬದುಕುತ್ತಿದ್ದಾರೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ನೂರಕ್ಕೆ ಏಳಕ್ಕಿಂತ ಹೆಚ್ಚು ಹಿರಿಯರು. ನಮ್ಮ ಬೀದಿಯಂಥ ಒಂದೊಂದು ಬೀದಿಗೂ ಒಬ್ಬಿಬ್ಬರು ಸಿಕ್ಕಾರು.

ಕೆರೆಯಿಂದ ಹಿಂತಿರುಗುವ ದಾರಿಯಲ್ಲಿ ದೇವಸ್ಥಾನವಿದೆ. ಅದರ ಗೋಡೆಗೆ ಸುಣ್ಣ, ಕೆಮ್ಮಣ್ಣಿನ ಉದ್ದುದ್ದ ಪಟ್ಟೆ. ಒಂದು ಬಿಳಿ, ಒಂದು ಕೆಂಪು. ನಾಡಿನ ಯಾವ ಹಳ್ಳಿಗೆ ಹೋದರೂ ಗುಡಿಯ ಗುರುತು ಅದೇ. ದೊಡ್ಡಮ್ಮ ಪ್ರತಿದಿನ ಅಲ್ಲಿ ನಿಲ್ಲುತ್ತಾರೆ. ಚಪ್ಪಲಿ ಬಿಟ್ಟು, ಕೈಮುಗಿದು, ಒಂದು ಗಳಿಗೆ ಪಟ್ಟೆಗಳ ಮೇಲೆಯೇ ಕಣ್ಣು ನೆಟ್ಟಿರುತ್ತಾರೆ. ಆ ಗಳಿಗೆಯಲ್ಲಿ ಅವರ ಮುಖದ ಗಾಬರಿ ಇಳಿದಿರುತ್ತದೆ.

ಇದೇ ಬೆಂಗಳೂರಿನ ಇನ್ನೊಂದು ತುದಿಯಲ್ಲಿ ಹಿರಿಯರನ್ನು ಪಟ್ಟೆಗಳ ಮುಂದೆ ಕೂರಿಸಿ ಮಿದುಳಿನ ಮಾತು ಕೇಳಿದ್ದಾರೆ. ಬನಶಂಕರಿಯಲ್ಲಿ ಮೆಟ್ರೋದ ಹಸಿರು ಮಾರ್ಗ ಹಿಡಿದು ಯಶವಂತಪುರದಲ್ಲಿ ಇಳಿದರೆ ಭಾರತೀಯ ವಿಜ್ಞಾನ ಸಂಸ್ಥೆ ದೂರವಿಲ್ಲ. ಜನರ ಬಾಯಲ್ಲಿ ಇಂದಿಗೂ ಅದು ಟಾಟಾ ಇನ್‌ಸ್ಟಿಟ್ಯೂಟ್. ಅಲ್ಲಿನ ನರವಿಜ್ಞಾನ ಕೇಂದ್ರದಲ್ಲಿ ಸುಪ್ರತಿಮ್ ರೇ ಅವರ ಪ್ರಯೋಗಾಲಯವಿದೆ. ತಲೆಗೆ 64 ವಿದ್ಯುದಗ್ರಗಳ ಟೋಪಿ ಹಾಕುತ್ತಾರೆ. ನೋವಿಲ್ಲ, ಸೂಜಿಯಿಲ್ಲ, ಒಳಗೆ ಏನನ್ನೂ ತೂರಿಸುವುದಿಲ್ಲ. ಎದುರಿನ ಪರದೆಯ ತುಂಬ ಕಪ್ಪು ಬಿಳಿ ಪಟ್ಟೆಗಳು ಮೂಡುತ್ತವೆ. ಕೂತವರು ಸುಮ್ಮನೆ ನೋಡಬೇಕು, ಅಷ್ಟೆ.

ಆ ನೋಟದಲ್ಲಿ ಮಿದುಳು ಒಂದು ತಾಳಕ್ಕೆ ಬೀಳುತ್ತದೆ. ಕೋಲಾಟವನ್ನು ನೆನೆಯಿರಿ. ಇಪ್ಪತ್ತು ಜನ ತಮತಮಗೆ ತೋಚಿದಾಗ ಕೋಲು ಬಡಿದರೆ ಅದು ಬರೀ ಗದ್ದಲ. ಎಲ್ಲರೂ ಒಂದೇ ಸಲ ಬಡಿದರೆ ಪಕ್ಕದ ಬೀದಿಗೂ ತಾಳ ಕೇಳಿಸುತ್ತದೆ. ನರಕೋಶಗಳೂ ಹೀಗೆ ಗುಂಪಾಗಿ ಮಿಡಿದಾಗ ಅದರ ವಿದ್ಯುತ್ ಅಲೆ ತಲೆಬುರುಡೆಯ ಹೊರಗೂ ಸಿಗುತ್ತದೆ. ಗಾಢ ನಿದ್ದೆಯಲ್ಲಿ ಈ ಅಲೆ ನಿಧಾನ. ಕಣ್ಣಿಟ್ಟು ನೋಡುವಾಗ, ಕಿವಿಗೊಟ್ಟು ಕೇಳುವಾಗ ವೇಗ. ಸೆಕೆಂಡಿಗೆ ಸುಮಾರು 30ರಿಂದ 80 ಸಲ ಏರಿಳಿಯುವ ಅಲೆಗೆ ಗ್ಯಾಮಾ ಎಂದು ಹೆಸರು. ಬೆಂಗಳೂರಿನ ಹಿರಿಯರಲ್ಲಿ ಈ ತಂಡ ಗ್ಯಾಮಾದ ಎರಡು ಬಗೆ ಗುರುತಿಸಿತು. ಒಂದು ಆ ಗಡಿಗಿಂತ ತುಸು ಕೆಳಗಿನಿಂದಲೇ ಶುರುವಾಗುವ 20ರಿಂದ 34 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಸಲ. ಇನ್ನೊಂದು 36ರಿಂದ 66. ವಯಸ್ಸು ಏರಿದಂತೆ ಆರೋಗ್ಯವಂತರಲ್ಲೂ ಇವು ಸೊರಗುತ್ತವೆ ಎಂದು 2020ರಲ್ಲಿ ವರದಿ ಮಾಡಿತು.

ಮರುವರ್ಷ ಇನ್ನೊಂದು ಹೆಜ್ಜೆ. 49 ದಾಟಿದ 244 ಮಂದಿ. ಅವರಲ್ಲಿ 227 ಜನ ಆರೋಗ್ಯವಂತರು, 12 ಮಂದಿಗೆ ನೆನಪು ಮತ್ತು ತಿಳಿವಿನಲ್ಲಿ ಸೌಮ್ಯ ಕುಂದು, 5 ಮಂದಿಗೆ ಅಲ್ಝೈಮರ್. ಅದೇ ವಯಸ್ಸಿನ ಆರೋಗ್ಯವಂತರಿಗೆ ಹೋಲಿಸಿದರೆ ಈ 17 ಮಂದಿಯ ಗ್ಯಾಮಾ ಇನ್ನಷ್ಟು ಕ್ಷೀಣ. ಕುತೂಹಲದ ಸಂಗತಿ ಎಂದರೆ, ಪರದೆಯ ಚಿತ್ರವನ್ನು ಒಂದೇ ಗತಿಯಲ್ಲಿ ಮಿಡಿಸಿದಾಗ ಮಿದುಳು ಕೊಡುವ ಮಾರ್ದನಿಯಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಹೊರಗಿನವರು ತಾಳ ಹಾಕಿದರೆ ಹೆಜ್ಜೆ ಬೀಳುತ್ತಿತ್ತು, ತಾನೇ ಹಾಕಿಕೊಳ್ಳುವ ತಾಳ ಮಾತ್ರ ಸಡಿಲಗೊಂಡಿತ್ತು. 17 ಸಣ್ಣ ಸಂಖ್ಯೆ, ಇದರಿಂದ ದೊಡ್ಡ ತೀರ್ಪು ಕೊಡಲಾಗದು. ಆದರೂ ರಕ್ತ ತೆಗೆಯದೆ, ಸ್ಕ್ಯಾನಿನ ಕೊಳವೆಯೊಳಗೆ ಮಲಗಿಸದೆ, ಪಟ್ಟೆ ತೋರಿಸಿ ಕಾಯಿಲೆಯ ಮುನ್ಸೂಚನೆ ಪಡೆಯಬಹುದೇನೋ ಎಂಬ ದಾರಿ ಅಲ್ಲಿ ತೆರೆದಿದೆ.

ಹಾಗಾದರೆ ಮುಂದಿನ ಪ್ರಶ್ನೆ ತಾನಾಗಿಯೇ ಏಳುತ್ತದೆ. ಸಡಿಲಗೊಂಡ ತಾಳವನ್ನು ಹೊರಗಿನಿಂದ ಹಾಕಿಕೊಟ್ಟರೆ ಕಾಯಿಲೆ ಹಿಮ್ಮೆಟ್ಟುತ್ತದೆಯೇ?

'ಗೋಧಿ ಬಣ್ಣ' ಬಂದ ವರ್ಷವೇ, 2016ರ ಡಿಸೆಂಬರಿನಲ್ಲಿ, ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ಉತ್ತರದ ಮೊದಲ ಎಳೆ ಬಂತು. ಲಿ ಹುಯಿ ತ್ಸಾಯ್ ಅವರ ತಂಡ ಅಲ್ಝೈಮರ್ ಲಕ್ಷಣ ಬರುವಂತೆ ವಂಶವಾಹಿ ಬದಲಿಸಿದ ಇಲಿಗಳನ್ನು ಸೆಕೆಂಡಿಗೆ 40 ಸಲ ಮಿಟುಕುವ ಬೆಳಕಿನಲ್ಲಿ ಒಂದು ಗಂಟೆ ಇರಿಸಿತು. ಸಿನಿಮಾ ಪರದೆಯ ಮೇಲೆ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ಇದು ಅದಕ್ಕಿಂತ ಚುರುಕಿನ ಮಿಣುಕು. ಗಂಟೆ ಕಳೆದ ಮೇಲೆ ನೋಡಿದರೆ ದೃಷ್ಟಿಗೆ ಸಂಬಂಧಿಸಿದ ಮಿದುಳಿನ ಭಾಗದಲ್ಲಿ ಅಮಿಲಾಯ್ಡ್ ಇಳಿದಿತ್ತು. ಒಂದು ದಿನದೊಳಗೆ ಮತ್ತೆ ಏರಿತು. ಏಳು ದಿನ ದಿನಕ್ಕೊಂದು ಗಂಟೆ ಇರಿಸಿದಾಗ ಗಟ್ಟಿಯಾದ ಕಲೆಗಳೂ ಕಡಿಮೆಯಾದವು. ಮಿದುಳಿನಲ್ಲಿ ಕಸ ಬಳಿಯುವ ಮೈಕ್ರೋಗ್ಲಿಯಾ ಎಂಬ ಕೋಶಗಳು ಎಚ್ಚೆತ್ತು ಅಮಿಲಾಯ್ಡನ್ನು ನುಂಗಿಹಾಕಿದ್ದವು. ನಮ್ಮ ಕೆರೆಗಳಿಗೆ ಹಿಂದೆ ನೀರುಗಂಟಿಗಳಿದ್ದರು, ತೂಬು ಎತ್ತುವುದು, ಕಾಲುವೆಯ ಕಸ ತೆಗೆಯುವುದು ಅವರ ಪಾಲಿನ ಕೆಲಸ. ಇಲಿಯ ಮಿದುಳಿನ ನೀರುಗಂಟಿಯನ್ನು ಬೆಳಕು ಕರೆದು ಎಬ್ಬಿಸಿದಂತಾಯಿತು.

2019ರಲ್ಲಿ ಶಬ್ದದ ಸರದಿ. ಸೆಕೆಂಡಿಗೆ 40 ಸಲ ಬಡಿಯುವ ಸದ್ದನ್ನು ಕೇಳಿಸಿದಾಗ ಪರಿಣಾಮ ಕೇಳುವ ಭಾಗದಿಂದ ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ಗೂ ತಲುಪಿತು. ಬೆಳಕು ಮತ್ತು ಸದ್ದು ಕೂಡಿದಾಗ ಹಣೆಯ ಹಿಂದಿನ ಭಾಗಕ್ಕೂ ಹರಡಿತು. ಅದೇ ವರ್ಷ, ನರಕೋಶಗಳು ಸಾಯುವ ಬಗೆಯ ಇಲಿಗಳಲ್ಲಿ ಈ ಮಿಣುಕು ಕೋಶಗಳನ್ನು ಉಳಿಸಿತು ಎಂದು ಅದೇ ತಂಡದ ಇನ್ನೊಂದು ಪ್ರಬಂಧ ಬಂತು. ಅದರ ಮೊದಲ ಲೇಖಕ ಚಿನ್ನಕ್ಕರುಪ್ಪನ್ ಅಡೈಕ್ಕನ್. ಅವರು ಅಲ್ಲಿಂದ ಬೆಂಗಳೂರಿಗೆ ಬಂದು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದಲ್ಲಿ ತಮ್ಮ ಪ್ರಯೋಗಾಲಯ ಕಟ್ಟಿದ್ದಾರೆ. 2023ರಲ್ಲಿ ಚರ್ಮಕ್ಕೆ ತಾಗುವ 40 ಹರ್ಟ್ಸ್ ಕಂಪನದಿಂದಲೂ ಇಲಿಗಳಿಗೆ ಒಳಿತಾಯಿತು ಎಂಬ ವರದಿ ಬಂತು. ಬೆಳಕು, ಸದ್ದು ಎರಡೂ ಸೇರಿದಾಗ ಮಿದುಳನ್ನು ತೊಳೆಯುವ ದ್ರವದ ಹರಿವು ಹೆಚ್ಚಿ ಅಮಿಲಾಯ್ಡ್ ಹೊರಗೆ ಸಾಗುತ್ತದೆ ಎಂದು 2024ರ ಅಧ್ಯಯನವೊಂದು ಹೇಳಿತು. ದೊಡ್ಡಮ್ಮನ ಮಾತಿನಲ್ಲಿ ಹೇಳುವುದಾದರೆ ಕೆರೆಯ ಕೋಡಿ ಬಿದ್ದು ಕೊಳೆ ಕೊಚ್ಚಿಕೊಂಡು ಹೋದ ಹಾಗೆ.

ಇಷ್ಟು ಓದಿದ ಯಾರಿಗಾದರೂ ಎದೆ ಹಿಗ್ಗುತ್ತದೆ. ನನಗೂ ಹಿಗ್ಗಿತು. ಅಮಿಲಾಯ್ಡನ್ನು ತೆಗೆಯುವ ಹೊಸ ಚುಚ್ಚುಮದ್ದುಗಳು ಬಂದಿವೆ. ಅವು ಕಾಯಿಲೆಯ ನಡಿಗೆಯನ್ನು ಒಂದಿಷ್ಟು ನಿಧಾನ ಮಾಡುತ್ತವೆ, ಆದರೆ ಬಲು ದುಬಾರಿ, ಮಿದುಳು ಊದಿಕೊಳ್ಳುವ, ರಕ್ತ ಒಸರುವ ಅಪಾಯವೂ ಉಂಟು. ಅಂಥ ಕಡೆ ಬರೀ ಬೆಳಕು, ಬರೀ ಸದ್ದು ಎಂದರೆ ಯಾರಿಗೆ ಬೇಡ? ಹೊರದೇಶದಲ್ಲಿರುವ ನಮ್ಮ ಹುಡುಗನೊಬ್ಬ ಮಿಟುಕುವ ದೀಪವೊಂದನ್ನು ಕಳಿಸಿಯೇಬಿಟ್ಟ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ 40 ಎಂದು ಅಚ್ಚಾಗಿತ್ತು. ಮೊಬೈಲಿಗೆ ಇಳಿಸಿಕೊಳ್ಳುವ ಗುಂಯ್‌ಗುಡುವ ಸದ್ದಿನ ಕೊಂಡಿಯನ್ನೂ ಜೊತೆಗೆ ಕಳಿಸಿದ್ದ.

ದೀಪ ಹಚ್ಚುವ ಮುನ್ನ ವೈದ್ಯೆಯನ್ನು ಕೇಳಿದೆ. ಅವರು ಇನ್ನೊಂದು ಮಗ್ಗುಲು ತೋರಿಸಿದರು. 2023ರಲ್ಲಿ ನ್ಯೂಯಾರ್ಕಿನ ಜಾರ್ಜಿ ಬುಜಾಕಿ ಅವರ ತಂಡ ಅದೇ ಬಗೆಯ ಇಲಿಗಳಲ್ಲಿ ಅದೇ ಮಿಣುಕನ್ನು ಪರೀಕ್ಷಿಸಿತು. ಅಮಿಲಾಯ್ಡ್ ಇಳಿಯಲಿಲ್ಲ. ಬೆಳಕಿಗೆ ಕೆಲವು ಕೋಶಗಳು ಸ್ಪಂದಿಸಿದವು, ಆದರೆ ಮಿದುಳಿನ ಸ್ವಂತ ಗ್ಯಾಮಾ ಅದರೊಡನೆ ಹೆಜ್ಜೆ ಸೇರಿಸಲಿಲ್ಲ. ಇಲಿಗಳು ಆ ಬೆಳಕನ್ನು ತಪ್ಪಿಸಿಕೊಳ್ಳಲು ನೋಡಿದವು. ಮನುಷ್ಯರ ಮೇಲಿನ ಮೊದಲ ಪ್ರಯೋಗಗಳು ಚಿಕ್ಕವು. 2022ರಲ್ಲಿ ಪ್ರಕಟವಾದ ಒಂದರಲ್ಲಿ ಆರಂಭದ ಹಂತದ 15 ರೋಗಿಗಳಲ್ಲಿ ಅರ್ಧದಷ್ಟು ಜನ ಮೂರು ತಿಂಗಳು ಮನೆಯಲ್ಲೇ ಕೂತು ದಿನಕ್ಕೊಂದು ಗಂಟೆ ಬೆಳಕು, ಸದ್ದು ಪಡೆದರು, ಉಳಿದವರು ತೋರಿಕೆಯದನ್ನು. ತೊಂದರೆಯೇನೂ ಆಗಲಿಲ್ಲ, ನಿಜವಾದದ್ದನ್ನು ಪಡೆದವರಲ್ಲಿ ಮಿದುಳು ಕುಗ್ಗುವುದು ತುಸು ಕಡಿಮೆಯಾದಂತೆ ಕಂಡಿತು. ಕಂಡದ್ದು ನಿಜವೇ ಎಂದು ತಿಳಿಯಲು ನೂರಾರು ಜನರ ಪರೀಕ್ಷೆ ಬೇಕು. ಅಲ್ಲೂ ಅರ್ಧದಷ್ಟು ಜನರಿಗೆ ನಿಜವಾದ ಮಿಣುಕು, ಉಳಿದವರಿಗೆ ತೋರಿಕೆಯದು. ಅಮೆರಿಕದಲ್ಲಿ 600ಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡು ವರ್ಷವಿಡೀ ನಡೆಸುವ ಅಂಥ ಪರೀಕ್ಷೆಯನ್ನು ಕೈಗೊಂಡಿದ್ದಾರೆ. ತೀರ್ಪು ಕೊಡುವ ಹಕ್ಕಿರುವುದು ಅಂಥ ಪರೀಕ್ಷೆಗೆ, ದೀಪ ಮಾರುವ ಪೆಟ್ಟಿಗೆಗಲ್ಲ. ಮಿಟುಕುವ ಬೆಳಕು ಕೆಲವರಿಗೆ ಮೂರ್ಛೆ ತರಿಸಬಲ್ಲದು ಎಂದೂ ವೈದ್ಯೆ ಎಚ್ಚರಿಸಿದರು.

ದೀಪ ಪೆಟ್ಟಿಗೆಯಲ್ಲೇ ಉಳಿಯಿತು. ಆ ದಿನ ಎದ್ದು ಬರುವಾಗ ವೈದ್ಯೆ ಇನ್ನೊಂದು ಪ್ರಶ್ನೆ ಕೇಳಿದರು. "ಇವರಿಗೆ ಕಿವಿ ಸರಿಯಾಗಿ ಕೇಳುತ್ತಾ? ಕಣ್ಣು ತೋರಿಸಿದ್ದೀರಾ?"

ತೋರಿಸಿರಲಿಲ್ಲ. ನಾವು ಮಿದುಳಿನ ಬಗ್ಗೆ ಓದಿದ್ದೆವು, ಮಿದುಳಿಗೆ ಹೋಗುವ ಕಾಲುವೆಗಳನ್ನು ನೋಡಿರಲಿಲ್ಲ. ಪರೀಕ್ಷೆ ಮಾಡಿಸಿದರೆ ಎರಡೂ ಕಿವಿ ಮಂದ, ಎಡಗಣ್ಣಿನಲ್ಲಿ ಪೊರೆ. ಕರೆದಾಗ ತಿರುಗದೆ ಇದ್ದದ್ದನ್ನು ನಾವು ಮರೆವಿನ ಲೆಕ್ಕಕ್ಕೆ ಬರೆದಿದ್ದೆವು. ಊಟದ ಹೊತ್ತಿನಲ್ಲಿ ಮಾತಿಗೆ ಸೇರದೆ ತಲೆ ತಗ್ಗಿಸಿ ಕೂರುತ್ತಿದ್ದದ್ದೂ ಅದೇ ಲೆಕ್ಕಕ್ಕೆ ಸೇರಿತ್ತು.

ವೈದ್ಯಲೋಕ ಇದನ್ನು ಅಂಕಿಗಳಲ್ಲಿ ಹೇಳಿದೆ. 2024ರ ಲ್ಯಾನ್ಸೆಟ್ ಆಯೋಗದ ವರದಿಯ ಪ್ರಕಾರ ಜೀವಮಾನದುದ್ದಕ್ಕೂ ನಾವು ತಿದ್ದಬಹುದಾದ 14 ಕಾರಣಗಳಿವೆ. ಎಲ್ಲವನ್ನೂ ತಿದ್ದಿದರೆ ಜಗತ್ತಿನ ಮರೆವಿನ ಕಾಯಿಲೆಯಲ್ಲಿ ಹೆಚ್ಚುಕಡಿಮೆ 45 ಪ್ರತಿಶತವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು. ಆ ಪಟ್ಟಿಯಲ್ಲಿ ಅತಿ ದೊಡ್ಡ ಪಾಲುಗಳಲ್ಲೊಂದು, 7 ಪ್ರತಿಶತ, ಕಿವಿ ಮಂದವಾಗುವುದರದು. ಚಿಕಿತ್ಸೆ ಮಾಡಿಸದ ಕಣ್ಣಿನ ದೋಷ ಆ ಸಲ ಹೊಸದಾಗಿ ಸೇರಿತು. ಒಂಟಿತನ, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಬ್ಬು, ಧೂಮಪಾನ, ಕಲಿಕೆಯ ಕೊರತೆಯೂ ಅಲ್ಲಿವೆ.

ಕೇಳುಯಂತ್ರ ಹಾಕಿಸಿದ ಮೊದಲ ವಾರ ದೊಡ್ಡಮ್ಮ ಅದನ್ನು ಕಿತ್ತು ಅಕ್ಕಿ ಡಬ್ಬದಲ್ಲಿ ಹಾಕಿದರು. ಎರಡನೆಯ ವಾರ ದಿನಕ್ಕೆ ಅರ್ಧ ಗಂಟೆ ಒಪ್ಪಿದರು. ಒಂದು ಸಂಜೆ ಅಂಗಳದಲ್ಲಿ ಕೂತಿದ್ದಾಗ ತಲೆ ಎತ್ತಿ, "ಗಿಣಿ ಬಂದ್ವು" ಎಂದರು. ಪಕ್ಕದ ಮನೆಯ ಮರಕ್ಕೆ ಗಿಣಿಗಳ ಹಿಂಡು ಬಂದು ಇಳಿದಿತ್ತು. ಅವು ದಿನಾ ಬರುತ್ತಿದ್ದವು. ಅವರಿಗೆ ಕೇಳಿದ್ದು ಆ ದಿನ.

ಆಮೇಲೆ ಮನೆಯನ್ನೇ ಬೇರೆ ಕಣ್ಣಿನಿಂದ ನೋಡತೊಡಗಿದೆ. ಬೆಳಿಗ್ಗೆ ಫಿಲ್ಟರಿಗೆ ಕಾಫಿಪುಡಿ ಹಾಕುವ ಕೆಲಸ ದೊಡ್ಡಮ್ಮನದು. ಅಲ್ಝೈಮರ್ ಬಂದವರಲ್ಲಿ ವಾಸನೆ ಹಿಡಿಯುವ ಶಕ್ತಿ ಬೇಗ ಕುಂದುತ್ತದೆ ಎನ್ನುತ್ತಾರೆ. ಅವರು ಡಬ್ಬಿಯನ್ನು ಮೂಗಿನ ಹತ್ತಿರ ತಂದು ಕಣ್ಣುಮುಚ್ಚಿ ಕಾಯುತ್ತಾರೆ. ಕೆಲವು ದಿನ ವಾಸನೆ ಸಿಗುತ್ತದೆ, ಕೆಲವು ದಿನ ಇಲ್ಲ. ಮಧ್ಯಾಹ್ನ ಅವರೆಕಾಯಿ ಸುಲಿಯುವುದು. ಹಿತುಕುವ ಕಾಳಿನ ನುಣುಪು ಬೆರಳಿಗೆ ಗೊತ್ತು, ಲೆಕ್ಕ ತಪ್ಪಿದರೂ ಬೆರಳು ತಪ್ಪುವುದಿಲ್ಲ. ಸಂಜೆ ಮಲ್ಲಿಗೆ ಮೊಗ್ಗು ತಂದು ಮೊರದಲ್ಲಿ ಸುರಿದರೆ, ಬಾಳೆನಾರು ನೆನೆಸಿ ಕಟ್ಟಲು ಕೂರುತ್ತಾರೆ. ಎರಡು ಈ ಕಡೆ, ಎರಡು ಆ ಕಡೆ, ಒಂದು ಸುತ್ತು. ಕೈಗೆ ತನ್ನದೇ ಆದ ನೆನಪಿದೆ. ಕಟ್ಟುತ್ತ ಕಟ್ಟುತ್ತ ಸೋಬಾನೆ ಪದ ಎತ್ತಿಕೊಳ್ಳುತ್ತಾರೆ. ಮಾತಾಡುವಾಗ ಮಧ್ಯದಲ್ಲಿ ಪದ ಸಿಗದೆ ಒದ್ದಾಡುವವರು ಹಾಡಿನಲ್ಲಿ ಎಂಟು ನುಡಿಯನ್ನೂ ಎಡವದೆ ದಾಟುತ್ತಾರೆ. ಹಾಡು ಮುಗಿದ ಮೇಲೆ ಐದು ನಿಮಿಷ ನನ್ನ ಹೆಸರೂ ಅವರಿಗೆ ಸಿಗುತ್ತದೆ.

ಇದು ಚಿಕಿತ್ಸೆ ಎಂದು ನಾನು ಹೇಳುವುದಿಲ್ಲ. ಹೂಳು ಹೋಗಿಲ್ಲ, ಹೋಗುವುದೂ ಇಲ್ಲ. ಹಾಡಿಗೂ ಮಲ್ಲಿಗೆಗೂ ಕಾಯಿಲೆಯನ್ನು ಹಿಂದಕ್ಕೆ ತಳ್ಳುವ ಶಕ್ತಿಯಿಲ್ಲ. ಆದರೆ ಅವರ ಗಾಬರಿ ತಗ್ಗಿದೆ, ರಾತ್ರಿಯ ಅಲೆದಾಟ ಕಡಿಮೆಯಾಗಿದೆ, ತಟ್ಟೆಯ ಮುಂದೆ ಮಾತು ಮರಳಿದೆ. ಇದ್ದಷ್ಟು ನೀರು ತಿಳಿಯಾಗಿ ನಿಂತಿದೆ. ಪ್ರಯೋಗಾಲಯದ ಮಿಣುಕೂ ನಮ್ಮ ಅಂಗಳದ ಹಾಡೂ ಬೇರೆಬೇರೆ ಸಂಗತಿಗಳು, ಒಂದರ ಹೆಸರಿನಲ್ಲಿ ಇನ್ನೊಂದನ್ನು ಮಾರಬಾರದು. ಎರಡಕ್ಕೂ ಸಮಾನವಾದದ್ದು ಒಂದು ತಿಳಿವಳಿಕೆ: ಮಿದುಳು ತಲೆಬುರುಡೆಯೊಳಗೆ ಮುಚ್ಚಿಟ್ಟ ಪೆಟ್ಟಿಗೆಯಲ್ಲ. ಕಣ್ಣು, ಕಿವಿ, ಮೂಗು, ಚರ್ಮ ಎಂಬ ಕಾಲುವೆಗಳಿಂದ ದಿನವೂ ತುಂಬಿಕೊಳ್ಳುವ ಕೆರೆ.

ಈ ತಿಳಿವಳಿಕೆಯನ್ನು ಅಳೆದು ತೂಗಿ ನೋಡುವ ಕೆಲಸ ನಮ್ಮ ನಾಡಿನಲ್ಲೇ ನಡೆದಿದೆ. ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ದಾಟಿದ 10,000 ಹಳ್ಳಿಗರನ್ನು ವರ್ಷಗಳ ಕಾಲ ಹಿಂಬಾಲಿಸಿ, ಯಾರ ನೆನಪು ಹೇಗೆ ಬದಲಾಗುತ್ತದೆ ಎಂದು ತಿಳಿಯುವ ಗುರಿಯಿಂದ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಅಧ್ಯಯನ ಆರಂಭಿಸಿತು. ಬೆಂಗಳೂರಿನ ನಗರವಾಸಿಗಳಿಗೂ ಅಂಥದೇ ಒಂದು ಅಧ್ಯಯನವಿದೆ. ಅಮೆರಿಕದವರ ಮಿದುಳಿನ ಲೆಕ್ಕ ನಮ್ಮ ರಾಗಿಮುದ್ದೆಯ, ಬಿಸಿಲಿನ, ಎರಡು ಮೂರು ಭಾಷೆಯಾಡುವ ಮಿದುಳಿಗೆ ಹಾಗೆಯೇ ಹೊಂದುತ್ತದೆ ಎಂದು ಯಾರೂ ಹೇಳಲಾಗದು. ನಮ್ಮ ಹಿರಿಯರು ಪಟ್ಟೆಯ ಮುಂದೆ, ಟೋಪಿಯ ಕೆಳಗೆ ಕೂತರೇ ನಮ್ಮ ಉತ್ತರ ಸಿಗುವುದು. ಕೂತ ಆ ಹಿರಿಯರಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಸಂಜೆ ಆರೂವರೆ. ಹೊಸಕೆರೆಹಳ್ಳಿಯ ಮೇಲೆ ಬೆಳಕು ಇಳಿಯುತ್ತಿದೆ. ಕಚೇರಿಯಿಂದ ಮರಳುವ ವಾಹನಗಳ ಸಾಲು ವರ್ತುಲ ರಸ್ತೆಯಲ್ಲಿ ಕೆಂಪು ದೀಪದ ಮಾಲೆಯಾಗಿದೆ. ಈ ಹೊತ್ತು ದೊಡ್ಡಮ್ಮನಿಗೆ ಕಷ್ಟದ ಹೊತ್ತು. ಕತ್ತಲು ಕವಿಯುವಾಗ ಕಳವಳ ಏರುತ್ತದೆ, ಮನೆಯಲ್ಲಿದ್ದೂ ಮನೆಗೆ ಹೋಗಬೇಕು ಎನ್ನುತ್ತಾರೆ. ನಾನು ಕತ್ತಲಾಗುವ ಮುಂಚೆಯೇ ಎಲ್ಲ ಕೋಣೆಯ ದೀಪ ಹಚ್ಚುತ್ತೇನೆ. ಟೀವಿ ಆರಿಸುತ್ತೇನೆ. ಮೊರದಲ್ಲಿ ಮಲ್ಲಿಗೆ ಸುರಿಯುತ್ತೇನೆ. ಗುಡಿಯ ಗಂಟೆ ಕೇಳಿಸುತ್ತದೆ. ಅವರ ಬೆರಳು ನಾರಿಗೆ ಹೋಗುತ್ತದೆ.

ಈ ಬರಹ ಓದುತ್ತಿರುವವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಮನೆಯ ಹಿರಿಯರು ಒಂದೇ ಮಾತನ್ನು ಮತ್ತೆ ಮತ್ತೆ ಕೇಳುತ್ತಿದ್ದರೆ, ಗೊತ್ತಿದ್ದ ದಾರಿ ತಪ್ಪುತ್ತಿದ್ದರೆ, ಅರಳುಮರಳು ಎಂದು ಕೈಬಿಡಬೇಡಿ. ಮರೆವಿನ ತಪಾಸಣೆ ನಿಮ್ಹಾನ್ಸ್‌ನಲ್ಲಿದೆ. ರಾಜ್ಯ ಸರ್ಕಾರವೂ ನಿಮ್ಹಾನ್ಸೂ ಸೇರಿ ಆರಂಭಿಸಿದ ಮಿದುಳು ಆರೋಗ್ಯ ಯೋಜನೆಯ ಕ್ಲಿನಿಕ್ ನಮ್ಮ ಜಯನಗರದ ಜನರಲ್ ಆಸ್ಪತ್ರೆಯಲ್ಲಿದೆ. ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿದರೆ ದಾರಿ ತೋರಿಸುವವರಿದ್ದಾರೆ. ಮಿಟುಕುವ ದೀಪಕ್ಕೆ ಹಣ ಸುರಿಯುವ ಮೊದಲು ದೊಡ್ಡ ಪರೀಕ್ಷೆಗಳ ತೀರ್ಪು ಬರಲಿ, ಬಂದ ಮೇಲೂ ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಕಾಯಬೇಕಿಲ್ಲದ ಕೆಲಸ ಒಂದಿದೆ. ಈ ವಾರವೇ ಅವರ ಕಿವಿ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿ.